ಬಿ.ಎಸ್ಸಿ. ಇಸಾಕನ ಸಾಕ್ಷಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಮೂರು ದಿನವಾಗಿತ್ತು. ಲಕ್ಷ್ಮೇಶ್ವರದ ಯಮನೂರಸಾಬ ತನ್ನ ಮನೆಯ ಅಂಗಳದಲ್ಲಿ ಮಗನನ್ನು ಕೆಡವಿಕೊಂಡು ಹೊಡೆಯುತ್ತಿದ್ದ. ಆತ ಹತ್ತಿ ಹಿಂಜಿ ಗಾದಿ ತುಂಬುವವ. ಗಾದಿ ಬಡಿಯುವ ಬೆತ್ತದ ಕೋಲು ಸದಾ ಕೈಗೆ ಸಿಗುವಷ್ಟು ದೂರದಲ್ಲೇ ಇರುತ್ತಿತ್ತು. ಹದಿನೇಳರ ಇಸಾಕ ಮೊದಲ ನಾಲ್ಕು ಏಟಿಗೆ ಕೂಗಿದ. ಆಮೇಲೆ ಕೂಗುವುದನ್ನು ಬಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಅವನು ಮಾಡಿದ ತಪ್ಪು ದೊಡ್ಡದೇನಲ್ಲ. ಗೆಳೆಯ ಮೈಲಾರಪ್ಪನ ಜೊತೆ ಗದಗಕ್ಕೆ ಹೋಗಿ ಐ.ಟಿ.ಐ. ಫಿಟರ್ ಕೋರ್ಸಿನ ಅರ್ಜಿ ತಂದಿದ್ದ. ಇಸಾಕನಿಗೆ ಚಿಕ್ಕಂದಿನಿಂದಲೂ ಸೈಕಲ್ಲು ಬಿಚ್ಚುವುದು, ಕೆಟ್ಟ ಗಡಿಯಾರ ತೆರೆದು ನೋಡುವುದು ಎಂದರೆ ಊಟದ ಮೇಲೂ ಲಕ್ಷ್ಯ ಇರುತ್ತಿರಲಿಲ್ಲ.

"ಕಬ್ಬಿಣಾ ತಿಕ್ಕಾಕ ನಿನ್ನ ಓದಿಸಿದ್ನೇನಲೇ?" ಯಮನೂರಸಾಬ ಏದುಸಿರು ಬಿಡುತ್ತಾ ಕೇಳಿದ. "ಹತ್ತಿ ಧೂಳಾ ನುಂಗಿ ನುಂಗಿ ನನ್ನ ಎದಿ ಹೋತು. ನೀ ಸೈನ್ಸ ತಗೋತಿ. ಡಾಕ್ಟರ್ ಆಗ್ತೀಯೋ, ಸಾಹೇಬ ಆಗ್ತೀಯೋ, ಅದು ನಿನಗ ಬಿಟ್ಟದ್ದು. ಸೈನ್ಸ ಮಾತ್ರ ತಗೋತಿ."

ಸೈನ್ಸ್ ಓದಿದವನಿಗೆ ನೌಕರಿ ಮನೆ ಬಾಗಿಲಿಗೆ ಬರುತ್ತದೆ, ಆರ್ಟ್ಸ್ ಓದಿದವ ಅಲೆಯುತ್ತಾನೆ, ಐ.ಟಿ.ಐ. ಎಂಬುದು ಕೂಲಿಯವರ ಮಕ್ಕಳಿಗೆ ಎಂದು ಬಜಾರಿನಲ್ಲಿ ಯಾರೋ ಅವನ ಕಿವಿಗೆ ಹಾಕಿದ್ದರು. ಯಾರ ಮನೆಗೆ ಗಾದಿ ತುಂಬಲು ಹೋದರೂ ಯಮನೂರಸಾಬ ಅದೇ ಮಾತು ಕೇಳಿ ಬರುತ್ತಿದ್ದ.

ಬಾಗಿಲಲ್ಲಿ ಸಾಬೀರಾ ನಿಂತಿದ್ದಳು. ಇಸಾಕನಿಗಿಂತ ಒಂದು ವರ್ಷ ಸಣ್ಣವಳು. ಅಣ್ಣ ಎಂಟನೆಯ ಇಯತ್ತೆಯಲ್ಲಿ ಒಮ್ಮೆ ನಪಾಸಾಗಿ ಕೂತಿದ್ದರಿಂದ ಇಬ್ಬರೂ ಒಟ್ಟಿಗೇ ಪರೀಕ್ಷೆ ಬರೆದಿದ್ದರು. ಅವಳಿಗೆ ನೂರಕ್ಕೆ ಎಪ್ಪತ್ತೊಂದು, ಅವನಿಗೆ ನಾಲ್ವತ್ತಾರು. ಸೈನ್ಸ್ ಕೊಡಿಸುವುದಾದರೆ ಮಗಳಿಗೆ ಕೊಡಿಸಿ ಎಂದು ಶಾಲೆಯ ಪ್ರಹ್ಲಾದ ಮಾಸ್ತರರು ಹಿಂದಿನ ದಿನವಷ್ಟೇ ಮನೆಗೆ ಬಂದು ಹೇಳಿ ಹೋಗಿದ್ದರು.

"ಅಪ್ಪಾ," ಎಂದಳು ಸಾಬೀರಾ, "ಅಣ್ಣಗ ಬ್ಯಾಡಾಗಿದ್ರ ಬಿಡು. ಆ ಸೈನ್ಸ ನಂಗ ಕೊಡು. ನಾ ಓದ್ತೀನಿ."

ಕೋಲು ತಿರುಗಿತು. ಮೊದಲ ಏಟು ತೋಳಿಗೆ, ಎರಡನೆಯದು ಅಡ್ಡ ಹಿಡಿದ ಮಣಿಕಟ್ಟಿಗೆ. ಚಟ್ ಎಂದು ಸದ್ದಾಯಿತು. ತಾಯಿ ಖಾತುನಬಿ ಅಡುಗೆಮನೆಯಿಂದ ಓಡಿಬಂದು ನಡುವೆ ಬಿದ್ದಳು. ಅವಳಿಗೂ ಎರಡು ಬಿದ್ದವು. ನೆಲದಲ್ಲಿದ್ದ ಇಸಾಕ ಬೆರಳು ಸಡಿಲಿಸಿ ನೋಡಿದ. ಏಟು ತನ್ನ ಮೇಲಿಂದ ಸರಿದದ್ದಕ್ಕೆ ಅವನ ಮೈ ಹಗುರಾಯಿತು. ತಂಗಿಯ ಕೈ ಬಾತುಕೊಳ್ಳುವುದನ್ನು ನೋಡುತ್ತಲೇ ಅವನಿಗೆ ಹಗುರಾಯಿತು.

ಮೂರು ವಾರ ಅವಳ ಕೈಗೆ ಪಟ್ಟಿ ಇತ್ತು. ಪ್ರಹ್ಲಾದ ಮಾಸ್ತರರು ಬಿಡಲಿಲ್ಲ; ದಿನಾ ಸಂಜೆ ಬಂದು ಕಟ್ಟೆಯ ಮೇಲೆ ಕೂತು ಯಮನೂರಸಾಬನ ತಲೆ ತಿಂದು, ಕಡೆಗೆ ಸಾಬೀರಾಳನ್ನು ಎರಡು ವರ್ಷದ ಶಿಕ್ಷಕಿ ತರಬೇತಿಗೆ ಕಳಿಸಲು ಒಪ್ಪಿಸಿದರು. "ಹೆಣ್ಣ ಹುಡುಗಿಗೆ ಅಷ್ಟ ಸಾಕು," ಎಂದ ಯಮನೂರಸಾಬ. ಮೈಲಾರಪ್ಪ ಫಿಟರ್ ಕಲಿಯಲು ಹೋದ. ಇಸಾಕ ಗದಗದ ಕಾಲೇಜಿನಲ್ಲಿ ಸೈನ್ಸ್ ಸೇರಿದ.

ಪಕ್ಕದ ಬೆಟಗೇರಿಯಲ್ಲಿ ನೇಕಾರರ ಓಣಿಯ ಒಂದು ಕೋಣೆಯಲ್ಲಿ ಇಸಾಕ ಐದು ವರ್ಷ ಕಳೆಯಬೇಕಾದದ್ದು ಆರೂವರೆಯಾಯಿತು. ಪಾಠ ಎಲ್ಲಾ ಇಂಗ್ಲಿಷಿನಲ್ಲಿ. ಮಗ್ಗದ ಸದ್ದಿನ ನಡುವೆ ಕೂತು ರಸಾಯನಶಾಸ್ತ್ರದ ಸೂತ್ರಗಳನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಿದ್ದ. ಪ್ರಯೋಗಾಲಯದಲ್ಲಿ ಮಾತ್ರ ಅವನ ಕೈ ಚುರುಕು. ಆದರೆ ಕೈಗೆ ಅಲ್ಲಿ ಹೆಚ್ಚು ಅಂಕಗಳಿರಲಿಲ್ಲ. ರಜೆಗೆ ಊರಿಗೆ ಬಂದರೆ ಯಮನೂರಸಾಬ ಇದ್ದೊಂದು ಕುರ್ಚಿಯಲ್ಲಿ ಮಗನನ್ನು ಕೂಡಿಸಿ, ಬಂದವರಿಗೆಲ್ಲಾ ತೋರಿಸುತ್ತಿದ್ದ. ಕೊನೆಯ ವರ್ಷ ಎರಡು ವಿಷಯ ಹೋದವು. ಮೂರು ಸಲ ಕಟ್ಟಿ, ಸಾವಿರದ ಒಂಬೈನೂರಾ ಎಂಬತ್ತೊಂದರ ಆರಂಭದಲ್ಲಿ ಪಾಸ್ ಕ್ಲಾಸಿನಲ್ಲಿ ಬಿ.ಎಸ್ಸಿ. ಆಯಿತು.

ಆ ಹೊತ್ತಿಗೆ ಸಾಬೀರಾ ಮುಂಡರಗಿ ಕಡೆಯ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ಮಾಸ್ತರಿಣಿಯಾಗಿದ್ದಳು; ಮೂರು ವರ್ಷ ತುಂಬುತ್ತಿತ್ತು. ಮೈಲಾರಪ್ಪ ಗದಗದ ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹೆಡ್ ಫಿಟರ್.

ಇಸಾಕ ಅರ್ಜಿ ಹಾಕದ ಕಚೇರಿ ಉಳಿಯಲಿಲ್ಲ. ಹೋದಲ್ಲೆಲ್ಲಾ ಒಂದೇ ಪ್ರಶ್ನೆ: ಪಾಸ್ ಕ್ಲಾಸಾ? ಬಿ.ಎಡ್. ಮಾಡಲು ಆ ಅಂಕಗಳಿಗೆ ಸೀಟಿಲ್ಲ. ಎಂ.ಎಸ್ಸಿ. ಮಾತೇ ಇಲ್ಲ. ಶಿರಹಟ್ಟಿಯ ಒಬ್ಬ ಔಷಧ ಅಂಗಡಿಯವ ಹದಿನೈದು ದಿನ ಇಟ್ಟುಕೊಂಡು, ಗಿರಾಕಿಯ ಜೊತೆ ಜಗಳಾಡಿದನೆಂದು ಕಳಿಸಿಬಿಟ್ಟ.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಖಾತುನಬಿ ಮಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಯಮನೂರಸಾಬ ಕೆಮ್ಮುತ್ತಾ ಆ ತಾಟನ್ನು ಕಾಲಿನಿಂದ ದೂಡಿದ. ಪಲ್ಯ ನೆಲಕ್ಕೆ ಚೆಲ್ಲಿತು.

"ಮಗಳು ದುಡೀಬೇಕು, ಈ ಪದವೀಧರ ತಿನ್ನಬೇಕು. ನಾಚಿಕಿ ಬರೂದಿಲ್ಲ?"

"ನಾ ಕೇಳಿದ್ನೇನು ಸೈನ್ಸ ಕೊಡು ಅಂತ?" ಇಸಾಕ ಎದ್ದು ನಿಂತ. "ನನ್ನ ಹೆಗಲ ಮ್ಯಾಲೆ ನೀ ಹೊಡದ ಬರೆ ಇನ್ನೂ ಐತಿ. ನೋಡ್ತಿಯೇನು?"

ಮುದುಕ ಅಭ್ಯಾಸಬಲದಿಂದ ಕೋಲಿಗೆ ಕೈ ಹಾಕಿದ. ಇಸಾಕ ಅದನ್ನು ಕಸಿದುಕೊಂಡು ಮೊಣಕಾಲಿಗೆ ಹಚ್ಚಿ ಮುರಿದ. ಅಷ್ಟಕ್ಕೆ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಅಪ್ಪನ ಅಂಗಿಯ ಕೊರಳಪಟ್ಟಿ ಹಿಡಿದು ಗೋಡೆಗೆ ತಳ್ಳಿದ. ಯಮನೂರಸಾಬನ ತಲೆ ಗೋಡೆಗೆ ಬಡಿದು, ಅವನು ಕುಸಿದು ಕೂತ. ತಲೆಯ ಹಿಂಬದಿಯಿಂದ ಸಣ್ಣಗೆ ರಕ್ತ ಇಳಿಯಿತು. ಮುದುಕ ಗುರುತು ಸಿಗದವನನ್ನು ನೋಡುವಂತೆ ಮಗನನ್ನು ನೋಡಿದ. ಖಾತುನಬಿ, "ಹೋಗು, ಇಲ್ಲಿಂದ ಹೋಗಿಬಿಡು," ಎಂದು ಮಗನನ್ನು ಬಾಗಿಲಾಚೆ ನೂಕಿದಳು. ಇಸಾಕ ಉಟ್ಟ ಬಟ್ಟೆಯಲ್ಲೇ ಗದಗದ ಬಸ್ಸು ಹತ್ತಿದ.

ಗದಗದಲ್ಲಿ ಅವನಿಗೆ ನೆಲೆ ಕೊಟ್ಟವನು ಮೈಲಾರಪ್ಪ. ತನ್ನ ಕೋಣೆಯಲ್ಲಿ ಇರಿಸಿಕೊಂಡ, ತನ್ನ ಅಂಗಿ ಕೊಟ್ಟ, ಫ್ಯಾಕ್ಟರಿಯ ಮ್ಯಾನೇಜರ್ ಮಹಬೂಬಸಾಬರ ಕೈಕಾಲು ಹಿಡಿದು ತೂಕದ ಗುಮಾಸ್ತನ ಕೆಲಸ ಕೊಡಿಸಿದ. ಹಳ್ಳಿಗಳಿಂದ ಬರುವ ಹತ್ತಿ ಚೀಲಗಳನ್ನು ಕಾಟಾದ ಮೇಲೆ ಇಟ್ಟು ತೂಕ ಬರೆಯುವುದು. ಏಳನೆಯ ಇಯತ್ತೆ ಓದಿದವನೂ ಮಾಡುವಂಥ ಕೆಲಸ. ತಿಂಗಳಿಗೆ ನೂರಾ ಎಂಬತ್ತು. ಮೈಲಾರಪ್ಪನಿಗೆ ನಾನೂರಾ ಐವತ್ತು. ಪಗಾರ ಹಂಚುವ ಬಟವಡೆಯ ಪಟ್ಟಿ ಬರೆಯುವ ಕೆಲಸವೂ ಇಸಾಕನದೇ ಆದ್ದರಿಂದ ಪ್ರತಿ ತಿಂಗಳು ಆ ಎರಡು ಅಂಕಿಗಳನ್ನು ಅವನು ತನ್ನ ಕೈಯಾರೆ ಬರೆಯಬೇಕಿತ್ತು.

ಮೈಲಾರಪ್ಪ ಕೆಟ್ಟವನಲ್ಲ. ಬಾಯಿ ಸಡಿಲು, ಅಷ್ಟೇ. ಸ್ನೇಹ ಇದ್ದಲ್ಲಿ ಚೇಷ್ಟೆ ಇರಲೇಬೇಕು ಎಂದು ತಿಳಿದವನು. "ಬಿಎಸ್ಸಿ ಸಾಹೇಬ್ರು ಬಂದ್ರು, ದಾರಿ ಬಿಡ್ರಿ," ಎಂದು ಅವನು ಕೂಗಿದರೆ ಹತ್ತಿ ಆರಿಸುವ ಹೆಂಗಸರೆಲ್ಲಾ ನಗುತ್ತಿದ್ದರು. ಇಸಾಕನೂ ನಗುತ್ತಿದ್ದ. ಸಂಜೆ ಒಂದೇ ತಾಟಿನಲ್ಲಿ ಇಬ್ಬರೂ ಉಣ್ಣುತ್ತಿದ್ದರು. ಆದರೆ ಒಂದು ನಗೆಯೂ ಇಸಾಕನ ಒಳಗೆ ಇಳಿದು ಕರಗಲಿಲ್ಲ.

ಎಂಬತ್ತೆರಡರ ಫೆಬ್ರುವರಿ. ಹಂಗಾಮು ಜೋರಾಗಿತ್ತು. ಶೆಡ್ಡಿನೊಳಗೆ ಎರಡು ಸಾಲು ಜಿನ್ನುಗಳು, ಕಾಳಿನಿಂದ ಅರಳೆ ಬಿಡಿಸುವ ಯಂತ್ರಗಳು. ಒಂದು ದೊಡ್ಡ ಮೋಟಾರು ಉದ್ದನೆಯ ಕಬ್ಬಿಣದ ದಂಡವನ್ನು ತಿರುಗಿಸುತ್ತಿತ್ತು. ಆ ದಂಡದ ಗಾಲಿಗಳಿಂದ ತೊಗಲಿನ ಪಟ್ಟಾಗಳು ಪ್ರತಿ ಯಂತ್ರಕ್ಕೆ ಹೋಗುತ್ತಿದ್ದವು. ಗಾಲಿಗಳಿಗೆ ತಂತಿಯ ಜಾಳಿಗೆ ಮುಚ್ಚಿರಬೇಕೆಂದು ಕಾಯಿದೆ. ಆದರೆ ಪಟ್ಟಾ ಜಾರಿದಾಗ ಜಾಳಿಗೆ ಬಿಚ್ಚಿ ಹಾಕುವುದರಲ್ಲಿ ಹೊತ್ತು ಹೋಗುತ್ತದೆಂದು ಮ್ಯಾನೇಜರರು ಜಾಳಿಗೆಗಳನ್ನೆಲ್ಲಾ ಬಿಚ್ಚಿಸಿ ಗೋದಾಮಿಗೆ ಹಾಕಿಸಿದ್ದರು. ಮೋಟಾರು ನಿಲ್ಲಿಸಿದರೂ ಹೊತ್ತು ಹೋಗುತ್ತದೆ. ಹೀಗಾಗಿ ಮೈಲಾರಪ್ಪ ತಿರುಗುವ ಗಾಲಿಗೇ ಕೋಲಿನಿಂದ ಪಟ್ಟಾ ಏರಿಸುತ್ತಿದ್ದ. ಅದು ಎಲ್ಲರ ಕೈಲಾಗುವ ಕೆಲಸವಲ್ಲ.

ಅಂದು ಬಟವಡೆಯ ದಿನ. ಇಸಾಕ ಪಟ್ಟಿ ಹಿಡಿದು ಹೆಬ್ಬೆಟ್ಟು ಹಾಕಿಸಿಕೊಳ್ಳಲು ಶೆಡ್ಡಿನೊಳಗೆ ಬಂದ. ಮೈಲಾರಪ್ಪ ಗಾಲಿಯ ಮುಂದೆ ಬಾಗಿ ನಿಂತಿದ್ದ. ಬೆನ್ನು ಇವನ ಕಡೆಗೆ; ಹೆಗಲ ಮೇಲಿಂದ ಒಮ್ಮೆ ಹೊರಳಿ ನೋಡಿದ.

"ಲೇ ಬಿಎಸ್ಸಿ," ಯಂತ್ರದ ಸದ್ದಿನ ಮೇಲೆ ಮೈಲಾರಪ್ಪ ಕೂಗಿದ, "ನಿನ್ನ ಕೆಮಿಸ್ಟ್ರಿ ಪುಸ್ತಕದಾಗ ಪಟ್ಟಾ ಏರಸೂದು ಬರದಾರೇನು?"

ಹೆಂಗಸರು ನಕ್ಕರು.

"ನಮ್ಮ ತಂಗಿ ಮುತ್ತಿ ಇನ್ನೂ ಸಣ್ಣ ಶಾಲ್ಯಾಗ ಐತಿ. ಆಕೀಗೆ ಹೇಳೀನಿ, ಇಸಾಕಣ್ಣನಂಗ ಭಾಳ ಓದಬ್ಯಾಡವ್ವಾ, ಚೀಲಾ ತೂಗೂ ಪಾಳಿ ಬರತೈತಿ ಅಂತ!"

ನಗೆ ಶೆಡ್ಡಿನ ತುಂಬ ಎದ್ದಿತು. ಇಸಾಕನ ಕೈಯಿಂದ ಪಟ್ಟಿ ಬಿತ್ತು. ಎರಡು ಹೆಜ್ಜೆ ಮುಂದೆ ಹೋಗಿ, ಎರಡೂ ಅಂಗೈ ಸೇರಿಸಿ, ಮೈಲಾರಪ್ಪನ ಬೆನ್ನಿನ ನಡುವೆ ಮೈಯ ಬಲವೆಲ್ಲಾ ಹಾಕಿ ಗುದ್ದಿದ.

ಮೈಲಾರಪ್ಪನ ಬಲಗೈ ಪಟ್ಟಾ ಮತ್ತು ಗಾಲಿಯ ನಡುವೆ ಹೋಯಿತು. ಮೊದಲು ಕೋಲು ಮುರಿದ ಸದ್ದು, ಅದರ ಹಿಂದೆಯೇ ಇನ್ನೊಂದು ಮುರಿದ ಸದ್ದು. ಗಾಲಿ ಅವನನ್ನು ಎತ್ತಿ ದಂಡಕ್ಕೆ ಅಪ್ಪಳಿಸಿತು, ಮತ್ತೆ ನೆಲಕ್ಕೆ ಬಿಸಾಡಿತು, ಮತ್ತೆ ಎಳೆಯಿತು. ಅವನ ಬಾಯಿ ತೆರೆದಿತ್ತು, ಆದರೆ ಕೂಗು ಹೊರಡಲಿಲ್ಲ. ಮೋಟಾರಿನ ಸ್ವಿಚ್ಚಿಗೆ ಓಡಿದವನು ಇಸಾಕನೇ. ದಂಡ ನಿಂತಾಗ ಮೈಲಾರಪ್ಪನ ಕೈ ಮೊಣಕೈಯ ಕೆಳಗೆ ಚರ್ಮವೊಂದರ ಆಧಾರದ ಮೇಲೆ ತೂಗುತ್ತಿತ್ತು. ಸುತ್ತಲಿನ ಬಿಳಿ ಅರಳೆ ರಕ್ತ ಹೀರಿ ಮುದ್ದೆಮುದ್ದೆಯಾಗಿ ಕಾಲಿಗೆ ಅಂಟಿತು. ಒಬ್ಬ ಹೆಂಗಸು ಸೆರಗಿನಿಂದ ಆ ಕೈಯನ್ನು ಬಿಗಿದು ಕಟ್ಟಿದಳು. ಹೊರಗೆ ನಿಂತಿದ್ದ ಲಾರಿಯಲ್ಲಿ ಅವನನ್ನು ದವಾಖಾನೆಗೆ ಒಯ್ದರು. ಕೈಯನ್ನು ಅಂದೇ ಕತ್ತರಿಸಬೇಕಾಯಿತು.

ಮರುದಿನ ಮಹಬೂಬಸಾಬರು ಇಸಾಕನನ್ನು ಆಫೀಸಿಗೆ ಕರೆಸಿ ಬಾಗಿಲು ಹಾಕಿಸಿದರು. ಎದುರಿಗೆ ಒಂದು ಕಾಗದ ಇಟ್ಟರು. ಮೈಲಾರಪ್ಪ ಕುಡಿದು ಬಂದಿದ್ದ, ಜಾಳಿಗೆಯನ್ನು ತಾನೇ ಬಿಚ್ಚಿದ್ದ, ಬೇಡವೆಂದರೂ ಕೇಳದೆ ತಿರುಗುವ ಗಾಲಿಗೆ ಕೈ ಹಾಕಿದ ಎಂದು ಅದರಲ್ಲಿ ಬರೆದಿತ್ತು.

"ನೀ ದೂಡಿದ್ದನ್ನ ಆರು ಮಂದಿ ನೋಡ್ಯಾರ," ಎಂದರು ಮಹಬೂಬಸಾಬರು. "ಅವರ ಬಾಯಿ ನಾ ಮುಚ್ಚಸ್ತೀನಿ. ದಿನಗೂಲಿ ಹೆಂಗಸ್ರು, ಕೆಲಸಾ ಬೇಕು ಅವರಿಗೆ. ನೀ ಇದಕ್ಕ ಸಹಿ ಹಾಕು. ಸಹಿ ಕೆಳಗ ಬಿ.ಎಸ್ಸಿ. ಅಂತ ಬರಿ. ಕಲಿತ ಮನಷ್ಯಾನ ಸಾಕ್ಷಿಗೆ ಕಿಮ್ಮತ್ತು ಬ್ಯಾರೇನ ಇರತೈತಿ."

"ಮೈಲಾರಪ್ಪ ಕುಡಿಯೂದಿಲ್ರಿ."

"ಅಂವ ಕುಡಿದಿದ್ದಿಲ್ಲ ಅಂದ್ರ ನೀ ಜೈಲಿಗೆ ಹೋಗ್ತಿ. ವಿಚಾರ ಮಾಡು." ಸ್ವಲ್ಪ ತಡೆದು, ದನಿ ಇಳಿಸಿ ಹೇಳಿದರು: "ಬರೂ ತಿಂಗಳಿಂದ ನೀ ಸುಪರ್‌ವೈಜರ್. ಆರು ನೂರು. ಬಿಎಸ್ಸಿ ಓದಿದಾಂವ ಚೀಲಾ ಯಾಕ ತೂಗಬೇಕು?"

ಸೈನ್ಸ್ ಸೇರಿದ ಏಳು ವರ್ಷದಲ್ಲಿ ಅವನ ಓದಿಗೆ ಬೆಲೆ ಕಟ್ಟಿದ ಮೊದಲ ಮನುಷ್ಯ ಅವರು. ಇಸಾಕ ಸಹಿ ಹಾಕಿದ. ಕೆಳಗೆ ಇಂಗ್ಲಿಷಿನಲ್ಲಿ ಬಿ.ಎಸ್ಸಿ. ಎಂದು ಬರೆದ. ಆ ಅಕ್ಷರಗಳು ಕೂಸಿನ ಅಕ್ಷರಗಳ ಹಾಗೆ ಕಂಡವು.

ದವಾಖಾನೆಯಲ್ಲಿ ಎಚ್ಚರಗೊಂಡ ಮೈಲಾರಪ್ಪ, "ಇಸಾಕ ದೂಡಿದ," ಎಂದು ಪೊಲೀಸರಿಗೆ ಹೇಳಿದ. ನೋಡಿದವರು ಯಾರೂ ಸಾಕ್ಷಿ ಹೇಳಲಿಲ್ಲ. ಜ್ವರದ ಬಡಬಡಿಕೆ ಎಂದು ಫ್ಯಾಕ್ಟರಿಯವರು ಹೇಳಿದರು. ಪರಿಹಾರಕ್ಕೆ ಹಾಕಿದ ಅರ್ಜಿ ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ವಿಚಾರಣೆಗೆ ನಿಂತಿತು. ಕುಡಿದು ಬಿದ್ದವನಿಗೆ ಪರಿಹಾರ ಯಾಕೆ ಎಂಬುದು ಫ್ಯಾಕ್ಟರಿಯ ವಾದ.

ಇಸಾಕ ಸುಪರ್‌ವೈಸರ್ ಆದ. ಹೆಂಗಸರು ಅವನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ಅವನು ಸಣ್ಣ ಸಣ್ಣ ತಪ್ಪಿಗೆ ಹಮಾಲರ ಮೇಲೆ ಕೈ ಮಾಡತೊಡಗಿದ. ಒಬ್ಬನ ಹಲ್ಲು ಬೀಳುವಂತೆ ಹೊಡೆದ. ಹೊಡೆದಾಗ ಒಂದು ಗಳಿಗೆ ಎದೆಯ ಭಾರ ಇಳಿಯುತ್ತಿತ್ತು. ಮತ್ತೊಂದು ಗಳಿಗೆಗೆ ಎರಡರಷ್ಟಾಗಿ ಏರುತ್ತಿತ್ತು.

ಏಪ್ರಿಲಿನ ಒಂದು ರವಿವಾರ ಸಾಬೀರಾ ಅವನ ಹೊಸ ಬಾಡಿಗೆ ಮನೆಗೆ ಬಂದಳು. ಮುಂಡರಗಿಯಿಂದ ಬಸ್ಸಿನಲ್ಲಿ ಬಂದು, ಮೊದಲು ಮೈಲಾರಪ್ಪನನ್ನು ನೋಡಿಕೊಂಡೇ ಇಲ್ಲಿಗೆ ಬಂದಿದ್ದಳು. ಬಾಗಿಲಲ್ಲಿ ನಿಂತೇ ಕೇಳಿದಳು:

"ನೀನ ದೂಡಿದೆಲಾ?"

"ಅಂವ ಕುಡದಿದ್ದ."

"ಅಣ್ಣಾ, ಅಂವ ನಮ್ಮ ಮನ್ಯಾಗ ಉಂಡು ಬೆಳದಾಂವ. ನನ್ನ ಮುಂದ ಸುಳ್ಳ ಹೇಳಬ್ಯಾಡ. ಹೋಗಿ ಖರೆ ಹೇಳು."

"ಖರೆ ಹೇಳಿ ಜೈಲಿಗೆ ಹೋಗ್ಲೇನು? ಈಗ ಎಲ್ಲೋ ನನ್ನ ಓದಿಗೊಂದು ಬೆಲಿ ಬಂದೈತಿ. ನಿನಗೇನು, ನಿನಗ ಸರಕಾರಿ ಪಗಾರ ಐತಿ."

"ನಿನ್ನ ಓದಿಗೆ ಬಂದ ಬೆಲಿ ಅಲ್ಲ ಇದು. ಅವನ ಕೈಗೆ ಬಂದ ಬೆಲಿ."

ಇಸಾಕ ಹೊಡೆದ. ತೆರೆದ ಅಂಗೈಯಿಂದಲ್ಲ, ಮುಷ್ಟಿಯಿಂದ. ಸಾಬೀರಾಳ ತುಟಿ ಸೀಳಿ, ಸೀರೆಯ ಮೇಲೆ ರಕ್ತ ಬಿತ್ತು. ಅವಳು ಹೊಸ್ತಿಲು ಹಿಡಿದುಕೊಂಡು ನಿಂತಳು, ಬೀಳಲಿಲ್ಲ. ಅಳಲೂ ಇಲ್ಲ.

"ಹೊಡಿ," ಎಂದಳು. "ಅಪ್ಪನ ಕೋಲು ನನ್ನ ಮ್ಯಾಲೆ ತಿರುಗಿದ ದಿನ ನಿನ್ನ ಮಾರಿ ನೋಡೀನಿ ನಾ. ಹಗುರಾಗಿತ್ತು ನಿನ್ನ ಮಾರಿ. ಇವತ್ತು ಮೈಲಾರಪ್ಪ ನಿನ್ನ ಪಾಲಿನ ಏಟು ತಿನ್ನಾಕತ್ತಾನ. ಹಗುರಾಗೈತೇನು?"

ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು. ಇಸಾಕ ತನ್ನ ಮುಷ್ಟಿಯನ್ನು ನೋಡಿಕೊಂಡ. ಬೆರಳಿನ ಗಂಟಿನ ಮೇಲೆ ತಂಗಿಯ ಹಲ್ಲಿನ ಗುರುತು ಮೂಡಿತ್ತು. ಆ ಸಣ್ಣ ಗಾಯ ಕೀವಾಯಿತು, ವಾರವಿಡೀ ನೋಯುತ್ತಲೇ ಇತ್ತು. ಆ ವಾರ ಅವನು ಯಾರ ಮೇಲೂ ಕೈ ಎತ್ತಲಿಲ್ಲ. ಎತ್ತಲು ಆಗುತ್ತಲೂ ಇರಲಿಲ್ಲ.

ವಿಚಾರಣೆಯ ದಿನ ಮಹಬೂಬಸಾಬರು ತಮ್ಮ ಕಾರಿನಲ್ಲೇ ಅವನನ್ನು ಕರೆದುಕೊಂಡು ಹೋದರು. ಮೈಲಾರಪ್ಪ ಒಂದು ಬೆಂಚಿನ ತುದಿಯಲ್ಲಿ ಕೂತಿದ್ದ. ಅಂಗಿಯ ಬಲತೋಳನ್ನು ಮಡಿಸಿ ಪಿನ್ನು ಹಾಕಿತ್ತು. ಪಕ್ಕದಲ್ಲಿ ಅವನ ತಂಗಿ ಮುತ್ತವ್ವ, ಹನ್ನೊಂದು ವರ್ಷದ ಹುಡುಗಿ. ಅಪ್ಪ ಅವ್ವ ಇಲ್ಲದ ಆ ಹುಡುಗಿಯನ್ನು ಸೋದರಮಾವನ ಊರಿನಲ್ಲಿ ಇಟ್ಟು ಮೈಲಾರಪ್ಪನೇ ಸಾಕುತ್ತಿದ್ದ. ಅವಳು ಅಣ್ಣನ ಚಹಾದ ಬಟ್ಟಲನ್ನು ಹಿಡಿದುಕೊಂಡಿದ್ದಳು.

ಅಧಿಕಾರಿ ಕಾಗದ ಓದಿ, "ಇಸಾಕ, ಬಿ.ಎಸ್ಸಿ., ಸುಪರ್‌ವೈಸರ್. ಇದು ನಿಮ್ಮ ಹೇಳಿಕೆಯೇ?" ಎಂದು ಕೇಳಿದರು.

"ಸಹಿ ನಂದ್ರಿ. ಹೇಳಿಕಿ ನಂದಲ್ಲ."

ಮಹಬೂಬಸಾಬರು ಕುರ್ಚಿಯಲ್ಲಿ ಮುಂದೆ ಬಾಗಿದರು. ಇಸಾಕ ಅವರ ಕಡೆ ನೋಡಲಿಲ್ಲ. ನಿಂತರೆ ಮಾತು ಮತ್ತೆ ಹೊರಡುವುದಿಲ್ಲ ಎಂಬ ಹೆದರಿಕೆಯಿಂದ ಒಂದೇ ಉಸಿರಿಗೆ ಹೇಳಿದ: "ಮೈಲಾರಪ್ಪ ಕುಡದಿದ್ದಿಲ್ರಿ. ಜಾಳಗಿ ಮ್ಯಾನೇಜರ್ ಸಾಹೇಬ್ರು ತಗಸಿದ್ರು, ಗೋದಾಮಿನ್ಯಾಗ ಅದಾವು, ಹೋಗಿ ನೋಡ್ರಿ. ಮೋಟಾರ್ ಬಂದ್ ಮಾಡಾಕ ಬಿಡ್ತಿದ್ದಿಲ್ರಿ. ಅವನ ಬೆನ್ನಿಗೆ ಗುದ್ದಿದಾಂವ ನಾನು. ಅಂವ ಚಾಷ್ಟಿ ಮಾಡಿದ್ದಕ್ಕ ಗುದ್ದಿದೆ."

ಮುತ್ತವ್ವನ ಕೈಯಿಂದ ಬಟ್ಟಲು ಜಾರಿತು. ಮೈಲಾರಪ್ಪ ತಲೆ ಎತ್ತಲಿಲ್ಲ.

ಕಾರಿನಲ್ಲಿ ಬಂದವನು ನಡೆದುಕೊಂಡು ಹಿಂತಿರುಗಿದ. ಮುಳಗುಂದ ನಾಕಾ ದಾಟಿದ ಮೇಲೆ, ನಡುಹಗಲಿನಲ್ಲೇ, ಒಂದು ಜೀಪು ಅಡ್ಡ ಬಂತು. ನಾಲ್ಕು ಜನ ಇಳಿದರು. ಒಬ್ಬನ ಕೈಯಲ್ಲಿ ಸೈಕಲ್ಲಿನ ಚೈನು, ಉಳಿದವರ ಕೈಯಲ್ಲಿ ಹತ್ತಿ ಚೀಲ ಎಳೆಯುವ ಕಬ್ಬಿಣದ ಕೊಕ್ಕೆಗಳು. ಅವರು ಮಾತಾಡಲಿಲ್ಲ. ಚೈನು ಮುಖದ ಮೇಲೆ ಬಿತ್ತು. ಎಡಗಣ್ಣಿನ ಮೇಲೆ ಚರ್ಮ ಹರಿಯಿತು. ಕೊಕ್ಕೆಯೊಂದು ತೊಡೆಗೆ ಇಳಿದು, ಅವನನ್ನು ರಸ್ತೆಯ ಮೇಲೆ ಚೀಲದಂತೆ ಎಳೆಯಿತು. ಬಲಮೊಣಕಾಲಿನ ಮೇಲೆ ಒಬ್ಬ ಕಲ್ಲು ಎತ್ತಿ ಹಾಕಿದ. ಟಾಂಗಾದವರು, ಸೈಕಲ್ಲಿನವರು ದೂರ ನಿಂತು ನೋಡಿದರು. ಎಲುಬು ಮುರಿದ ಸದ್ದನ್ನು ಇಸಾಕ ಗುರುತು ಹಿಡಿದ. ಶೆಡ್ಡಿನಲ್ಲಿ ಕೇಳಿದ್ದು ಅದೇ ಸದ್ದು. ಈ ಸಲ ಅವನು ಮುಖ ಮುಚ್ಚಿಕೊಳ್ಳಲಿಲ್ಲ.

ಹೊಡೆದವರು ಯಾರೆಂದು ಯಾವ ಪುಸ್ತಕದಲ್ಲೂ ದಾಖಲಾಗಲಿಲ್ಲ. ದವಾಖಾನೆಯ ಮಂಚದ ಮೇಲೆಯೇ ಪೊಲೀಸರು ಬಂದು ಇಸಾಕನನ್ನು ಬಂಧಿಸಿದರು. ಗೋದಾಮಿನಲ್ಲಿ ಜಾಳಿಗೆಗಳು ಸಿಕ್ಕವು. ಮೈಲಾರಪ್ಪನಿಗೆ ಪರಿಹಾರ ಕೊಡಬೇಕೆಂದು ಆದೇಶವಾಯಿತು. ಇಸಾಕನಿಗೆ ಎರಡು ವರ್ಷ ಸಜೆ. ತೀರ್ಪು ಕೇಳಿದಾಗ ಖಾತುನಬಿ ಎದೆ ಬಡಿದುಕೊಂಡಳು. ಸಾಬೀರಾ ಅವನ ಹತ್ತಿರ ಬಂದು, "ಉಣ್ಣೂದು ಬಿಡಬ್ಯಾಡ," ಎಂದಷ್ಟೇ ಹೇಳಿದಳು. ಅವಳ ಕೆಳತುಟಿಯ ಮೇಲೆ ಸಣ್ಣ ಗೆರೆಯೊಂದು ಉಳಿದಿತ್ತು.

ಅವನು ಒಳಗಿದ್ದಾಗಲೇ ಯಮನೂರಸಾಬ ಕೆಮ್ಮಿ ಕೆಮ್ಮಿ ತೀರಿಹೋದ. ಮಗನ ಪದವಿಯ ಕಾಗದವನ್ನು ಅವನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ಶಿಕ್ಷೆಯಾದ ಮೇಲೂ ತೆಗೆಯಲಿಲ್ಲವಂತೆ.

ಜೈಲು ಕಂಡ ಬಿ.ಎಸ್ಸಿ.ಗೆ ಯಾವ ಕಚೇರಿಯೂ ಬಾಗಿಲು ತೆರೆಯುವಂತಿರಲಿಲ್ಲ. ಎಂಬತ್ತೈದರಲ್ಲಿ ಹೊರಬಂದ ಇಸಾಕ ಕುಂಟುತ್ತಾ ಮುಂಡರಗಿಗೆ ಹೋದ. ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ರಹಮಾನಸಾಬರ ಅಂಗಡಿಯಲ್ಲಿ ದಿನಕ್ಕೆ ಹತ್ತು ರೂಪಾಯಿಗೆ ನೆಲ ಗುಡಿಸಲು ಸೇರಿದ. ಆರು ತಿಂಗಳಿಗೆ ಅವನೇ ಮೋಟಾರು ಬಿಚ್ಚತೊಡಗಿದ. ಎಷ್ಟು ಸುತ್ತು, ಯಾವ ದಪ್ಪದ ತಂತಿ ಎಂಬ ಲೆಕ್ಕ ಅವನಿಗೆ ಬೇಗ ಹತ್ತಿತು. ಕಾಲೇಜಿನಲ್ಲಿ ಅರ್ಥವಾಗದೆ ಬಾಯಿಪಾಠ ಮಾಡಿದ್ದು ಇಲ್ಲಿ ಕೈಯಲ್ಲಿ ಹಿಡಿದ ಕೂಡಲೇ ತಿಳಿಯುತ್ತಿತ್ತು. ಎಂಬತ್ತೇಳರ ಹೊತ್ತಿಗೆ ಸುತ್ತಲಿನ ಹಳ್ಳಿಗಳವರು, "ಕುಂಟ ಇಸಾಕನ ಕೈಯಾಗ ಕೊಡ್ರಿ," ಎಂದು ಕೇಳಿಕೊಂಡು ಬರುತ್ತಿದ್ದರು. ತಿಂಗಳಿಗೆ ಏಳೆಂಟು ನೂರು ಸಿಗುತ್ತಿತ್ತು. ಮುಂಡರಗಿಯಲ್ಲಿದ್ದ ತಂಗಿಯ ಮನೆಯ ಪಕ್ಕದಲ್ಲೇ ಅವ್ವನೊಂದಿಗೆ ಇದ್ದ. ಸಾಬೀರಾ ಅವನೊಡನೆ ಮಾತಾಡುತ್ತಿದ್ದಳು, ಬೇಕಾದಷ್ಟೇ.

ಆ ವರ್ಷದ ಜೂನಿನಲ್ಲಿ ಅಂಗಡಿಯ ಮುಂದೆ ಒಂದು ಟ್ರ್ಯಾಕ್ಟರ್ ನಿಂತಿತು. ಹಿಟ್ಟಿನ ಗಿರಣಿಯ ಸುಟ್ಟ ಮೋಟಾರೊಂದನ್ನು ಇಳಿಸಿದರು. ಹಿಂದೆಯೇ ಇಳಿದವನು ಮೈಲಾರಪ್ಪ. ಪರಿಹಾರದ ಹಣದಲ್ಲಿ ಅವನು ಮುಂಡರಗಿ ತಾಲೂಕಿನ ಸೋದರಮಾವನ ಊರಿನಲ್ಲಿ ಗಿರಣಿ ಹಾಕಿಕೊಂಡಿದ್ದ. ಕುಂಟ ಇಸಾಕ ಯಾರೆಂದು ಅವನಿಗೆ ಗೊತ್ತಿರಲಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೈಲಾರಪ್ಪನ ಎಡಗೈ ಬಾಕಿನ ಮೇಲಿದ್ದ, ನಟ್ಟು ಬಿಚ್ಚುವ ದೊಡ್ಡ ಪಾನಾ ಎತ್ತಿಕೊಂಡಿತು. ಇಸಾಕ ಕದಲಲಿಲ್ಲ. ಮೊದಲ ಏಟಿಗೆ ಹೆಗಲಿನ ಎಲುಬು ಮುರಿಯಿತು. ಎರಡನೆಯದು ಕಿವಿಯ ಮೇಲೆ ಬಿತ್ತು. ಅವನು ಮೋಟಾರಿನ ಮೇಲೆ ಬಿದ್ದ. ರಹಮಾನಸಾಬರು, ಟ್ರ್ಯಾಕ್ಟರಿನವನು ಮೈಲಾರಪ್ಪನನ್ನು ಹಿಡಿದುಕೊಂಡರು.

"ಬಿಡ್ರಿ ಅವನ್ನ," ಎಂದ ಇಸಾಕ, ನೆಲದಿಂದ. "ಪೊಲೀಸರಿಗೆ ಯಾರೂ ಹೇಳಬ್ಯಾಡ್ರಿ. ಅವನ ಕೈಯಾಗಿಂದು ಕಸೀಬ್ಯಾಡ್ರಿ."

ಮೈಲಾರಪ್ಪ ಪಾನಾ ಎತ್ತಿಕೊಂಡು ನಿಂತೇ ಇದ್ದ. ಆಮೇಲೆ ಅದನ್ನು ಬಾಕಿನ ಮೇಲೆ ಇಟ್ಟು, ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟ.

ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡು ಇಸಾಕ ಹಿಂತಿರುಗಿದಾಗಲೂ ಅವನು ಅಲ್ಲಿಯೇ ಕೂತಿದ್ದ. ಗಿರಣಿ ನಿಂತರೆ ಅವನ ಊಟ ನಿಲ್ಲುತ್ತಿತ್ತು. ಮುಂಡರಗಿಯಲ್ಲಿ ಮೋಟಾರು ಸುತ್ತುವ ಬೇರೆ ಅಂಗಡಿಯೂ ಇರಲಿಲ್ಲ. ಇಸಾಕ ಹೇಳುತ್ತಾ ಹೋದ, ರಹಮಾನಸಾಬರು ತಂತಿ ಸುತ್ತಿದರು. ಸಂಜೆಯವರೆಗೆ ಕೆಲಸ ನಡೆಯಿತು. ಮೈಲಾರಪ್ಪ ಒಮ್ಮೆ ಎದ್ದು ಬಂದು ಎಡಗೈಯಿಂದ ತಂತಿಯ ತುದಿ ಹಿಡಿದುಕೊಂಡ. ಹಿಡಿದುಕೊಂಡೇ ಹೇಳಿದ:

"ಮುತ್ತಿ ಮೆಟ್ರಿಕ್ ಪಾಸಾದಳು. ಅರವತ್ತೆಂಟು."

"ಚಲೋ ಆತು."

"ಸೈನ್ಸ ತಗೋತೀನಿ ಅಂತಾಳ. ನಾ ಬ್ಯಾಡ ಅಂದೀನಿ. ಹೊಲಿಗಿ ಕಲಿ, ನಾಳೆ ಬೆಳಗ್ಗೇನ ನಾಕು ಕಾಸ ಬರ್ತಾವು ಅಂದೀನಿ." ಅವನು ಇಸಾಕನ ಕಡೆ ನೋಡದೆ ಕೇಳಿದ, "ನೀ ಸೈನ್ಸ ಓದಿ ಏನ ಮಾಡಿದಿ?"

ಯಾವ ಓದಿಗೆ ಯಾವ ಅನ್ನ ಎಂದು ಖಚಿತವಾಗಿ ಹೇಳಿದವರನ್ನೆಲ್ಲಾ ಇಸಾಕ ನೋಡಿದ್ದ. ಅವರಲ್ಲಿ ಒಬ್ಬರ ಮಾತೂ ಹೇಳಿದಂತೆ ಆಗಿರಲಿಲ್ಲ.

"ಆಕೀನ ಹೊಡದಿಯೇನು?" ಎಂದು ಕೇಳಿದ.

ಮೈಲಾರಪ್ಪ ತಂತಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದ. "ಒಂದ ಸಲ," ಎಂದ. "ನಿನ್ನೆ."

"ಇನ್ನೊಮ್ಮಿ ಹೊಡೀಬ್ಯಾಡ. ಆಕಿ ಏನ ಕೇಳ್ತಾಳೋ ಅದನ್ನ ಕೊಡು. ಕೆಟ್ಟರ ತನ್ನ ಕೈಯಾರೆ ಕೆಡಲಿ."

ಮೈಲಾರಪ್ಪ ತಂತಿಯ ತುದಿ ಬಿಟ್ಟು ಎದ್ದ. ಮೋಟಾರು ತಿರುಗಿಸಿ ನೋಡಿದರು, ಸದ್ದು ಶುದ್ಧವಾಗಿತ್ತು. ಅದನ್ನು ಟ್ರ್ಯಾಕ್ಟರಿಗೆ ಏರಿಸಿ ಹಗ್ಗ ಬಿಗಿದರು. ಮೈಲಾರಪ್ಪ ಕೂಲಿಯ ಹಣ ತೆಗೆದು ಇಸಾಕನಿಗಲ್ಲ, ರಹಮಾನಸಾಬರ ಕೈಗೆ ಕೊಟ್ಟ. ಟ್ರ್ಯಾಕ್ಟರಿನಲ್ಲಿ ಕೂತ ಮೇಲೆ ಒಮ್ಮೆ ಹೊರಳಿ, "ನಿನ್ನ ತಂಗಿ ಮನಿ ಯಾವ ಓಣ್ಯಾಗ ಐತಿ?" ಎಂದು ಕೇಳಿದ.

ಇಸಾಕ ಹೇಳಿದ.

"ರವಿವಾರ ಮನ್ಯಾಗ ಇರ್ತಾಳೇನು? ಮುತ್ತೀನ ಕಳಸ್ತೀನಿ, ಆಕೀ ಕೂಡ ಮಾತಾಡ್ಲಿ."

"ಇರ್ತಾಳ. ಕಳಸು."

ಟ್ರ್ಯಾಕ್ಟರ್ ಹೊರಟಿತು. ಇಸಾಕ ಮುರಿದ ಹೆಗಲನ್ನು ಒಂದು ಕೈಯಿಂದ ಹಿಡಿದುಕೊಂಡು, ಈ ಸುದ್ದಿ ಹೇಳಲು ಸಾಬೀರಾಳ ಮನೆಯ ಕಡೆ ನಿಧಾನವಾಗಿ ನಡೆದ.